ಬಿಡಿಸುವ ಮೊದಲು ನೋಡಬೇಕಾದ ಲೆಕ್ಕ

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಡೀಸೆಲ್ ತುಂಬಿಡುವ ದೊಡ್ಡ ಟ್ಯಾಂಕ್‌ಗಳಲ್ಲಿ ಅನೇಕವು ಅಡ್ಡಲಾಗಿ ಮಲಗಿಸಿದ ಸಿಲಿಂಡರ್‌ಗಳು. ಪೆಟ್ರೋಲ್ ಬಂಕ್‌ಗಳ ನೆಲದಡಿಯ ಟ್ಯಾಂಕ್‌ಗಳೂ ಹಾಗೆಯೇ. ಒಳಗೆ ಎಷ್ಟು ಎಣ್ಣೆ ಉಳಿದಿದೆ ಎಂದು ತಿಳಿಯಲು ಮೇಲಿನ ಬಾಯಿಂದ ಅಳತೆಯ ಗುರುತು ಹಾಕಿದ ಕಡ್ಡಿ ಇಳಿಸಿ ‘ಡಿಪ್’ ನೋಡುತ್ತಾರೆ. ಎರಡು ಮೀಟರ್ ವ್ಯಾಸದ ಟ್ಯಾಂಕ್‌ನಲ್ಲಿ ಡಿಪ್ 50 ಸೆಂಟಿಮೀಟರ್ ತೋರಿಸಿದರೆ ಕಾಲು ಭಾಗ ಎಣ್ಣೆ ಇದೆ ಎಂದುಕೊಳ್ಳುವುದು ಸಹಜ. ನಿಜವಾಗಿ ಇರುವುದು ಶೇ 19.55 ಮಾತ್ರ, ಏಕೆಂದರೆ ಮಲಗಿದ ಸಿಲಿಂಡರಿನ ತಳ ಕಿರಿದು, ನಡು ಅಗಲ. ಸರಿಯಾದ ಲೆಕ್ಕ ಬೇಕಾದರೆ ತಳದಿಂದ ಮೇಲಕ್ಕೆ ತೆಳುವಾದ ಪದರಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಬೇಕು. ಈ ಕೂಡಿಕೆಯೇ ಅನುಕಲನ, ಕಾಲೇಜು ಹುಡುಗರ ಬಾಯಲ್ಲಿ ಇಂಟಿಗ್ರೇಷನ್. ಎರಡನೇ ಪಿಯುಸಿ ಓದಿದವರಿಗೆ ಈ ಟ್ಯಾಂಕ್ ಕೊಟ್ಟರೆ ಎದುರಾಗುವುದು ವರ್ಗಮೂಲದೊಳಗೆ ಕೂತ ‘ಒಂದು ಮೈನಸ್ ಎಕ್ಸ್ ವರ್ಗ’. ಅದನ್ನು ಕಂಡೊಡನೆ ಎಕ್ಸ್ ಬದಲು ಸೈನ್ ಥೀಟಾ ಹಾಕುವವರು ಅರ್ಧ ಪುಟ ಬರೆದು ಉತ್ತರ ಮುಟ್ಟುತ್ತಾರೆ. ಇನ್ನೊಬ್ಬರು ಪೆನ್ನು ಎತ್ತುವ ಮೊದಲು ಚಿತ್ರ ನೋಡುತ್ತಾರೆ. ಡಿಪ್ 50 ಇದ್ದಾಗ ಎಣ್ಣೆಯ ಮೇಲ್ಮೈ ಕೇಂದ್ರದಲ್ಲಿ ಮಾಡುವ ಕೋನ 120 ಡಿಗ್ರಿ. ಅಂದರೆ ವೃತ್ತದ ಮೂರನೇ ಒಂದು ಭಾಗದಿಂದ ಒಂದು ತ್ರಿಕೋನ ಕಳೆದರೆ ಮುಗಿಯಿತು, ಅನುಕಲನದ ಚಿಹ್ನೆಯನ್ನೂ ಬರೆಯಬೇಕಿಲ್ಲ. ಟ್ಯಾಂಕ್‌ನ ಎರಡೂ ತುದಿಗಳು ಚಪ್ಪಟೆಯಾಗಿರದೆ ಬಟ್ಟಲಿನಂತೆ ಉಬ್ಬಿದ್ದರೆ ಈ ಎರಡೂ ದಾರಿ ಸಾಲದು. ಆಗ ಅಳೆದ ಲೀಟರ್ ಸುರಿದು ಕಡ್ಡಿಗೆ ಗುರುತು ಹಾಕುವುದೇ ಜಾಣತನ. ಒಂದೇ ಟ್ಯಾಂಕ್‌ಗೆ ಮೂರು ದಾರಿ, ಮೂರೂ ಅದರದರ ಜಾಗದಲ್ಲಿ ಸರಿ.

ಅನುಕಲನವನ್ನು ಮಕ್ಕಳಿಗೆ ಕಲಿಸುವಾಗ ನಾವು ವಿಧಾನಗಳನ್ನು ಕಲಿಸುತ್ತೇವೆ, ವಿಧಾನ ಆರಿಸುವುದನ್ನು ಕಲಿಸುವುದಿಲ್ಲ. ಈ ಲೇಖನದ ವಾದ ಇಷ್ಟೇ. ಸಬ್‌ಸ್ಟಿಟ್ಯೂಷನ್, ಪಾರ್ಷಿಯಲ್ ಫ್ರಾಕ್ಷನ್, ಬೈ ಪಾರ್ಟ್ಸ್ ಎಂಬ ಮೂರು ದೊಡ್ಡ ಹತಾರಗಳೂ ಅವುಗಳ ಜೊತೆಗಿನ ಹತ್ತಾರು ಸೂತ್ರಗಳೂ ಬಹುತೇಕ ವಿದ್ಯಾರ್ಥಿಗಳಿಗೆ ಬಾಯಿಪಾಠ ಇರುತ್ತವೆ. ಎದುರಿಗಿರುವ ಲೆಕ್ಕಕ್ಕೆ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬಲ್ಲಿ ಅವರು ತಡವರಿಸುತ್ತಾರೆ. ಇದಕ್ಕೆ ಕಾರಣ ವಿಷಯದ ಸ್ವಭಾವದಲ್ಲೇ ಇದೆ. ಅವಕಲನ, ಅಂದರೆ ಡಿಫರೆನ್ಸಿಯೇಷನ್, ನಿಯಮಬದ್ಧ ಕೆಲಸ. ಎರಡು ಫಂಕ್ಷನ್‌ಗಳ ಗುಣಲಬ್ಧಕ್ಕೆ ಒಂದು ನಿಯಮ, ಭಾಗಲಬ್ಧಕ್ಕೆ ಒಂದು, ಒಂದರೊಳಗೊಂದು ಕೂತಿದ್ದರೆ ಇನ್ನೊಂದು. ಎಷ್ಟೇ ಗೋಜಲಿನ ಫಂಕ್ಷನ್ ಕೊಟ್ಟರೂ ತಾಳ್ಮೆ ಇದ್ದವರು ದಡ ಸೇರುತ್ತಾರೆ. ಅನುಕಲನ ಅದರ ಹಿಮ್ಮುಖ ಪಯಣ. ಇಲ್ಲಿ ಗುಣಲಬ್ಧಕ್ಕೊಂದು ಖಚಿತ ನಿಯಮ ಇಲ್ಲವೇ ಇಲ್ಲ. ಉತ್ತರ ಯಾವುದಿದ್ದೀತು ಎಂದು ಊಹಿಸಿ, ಆ ಊಹೆಗೆ ತಕ್ಕಂತೆ ದಾರಿ ಹಿಡಿಯಬೇಕು. ಒಂದೇ ಸಮಾಧಾನವೆಂದರೆ ಸಿಕ್ಕ ಉತ್ತರವನ್ನು ಅವಕಲನ ಮಾಡಿದರೆ ಸರಿಯೋ ತಪ್ಪೋ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಹುಡುಕುವುದು ಕಷ್ಟ, ಪರೀಕ್ಷಿಸುವುದು ಸುಲಭ.

ನೋಟ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದಕ್ಕೆ ಮೂರು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಮೊದಲನೆಯದು ಎಕ್ಸ್ ಗುಣಿಸು ‘ಇ’ಯ ಎಕ್ಸ್ ಘಾತ. ಎರಡನೆಯದು ಎಕ್ಸ್ ಗುಣಿಸು ‘ಇ’ಯ ಎಕ್ಸ್-ವರ್ಗ ಘಾತ. ಮೂರನೆಯದು ಬರೀ ‘ಇ’ಯ ಎಕ್ಸ್-ವರ್ಗ ಘಾತ. ಹಾಳೆಯ ಮೇಲೆ ಬರೆದರೆ ಮೂರೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ. ಮೊದಲನೆಯದಕ್ಕೆ ಬೈ ಪಾರ್ಟ್ಸ್ ಬೇಕು, ಏಕೆಂದರೆ ಎಕ್ಸ್ ಅನ್ನು ಅವಕಲನ ಮಾಡಿದರೆ ಅದು ಒಂದಾಗಿ ಕರಗುತ್ತದೆ, ಲೆಕ್ಕ ಹಗುರಾಗುತ್ತದೆ. ಎರಡನೆಯದಕ್ಕೆ ಬೈ ಪಾರ್ಟ್ಸ್ ಹಾಕಲು ಹೊರಟವರು ಸಿಕ್ಕಿಬೀಳುತ್ತಾರೆ. ಅಲ್ಲಿ ಘಾತದಲ್ಲಿರುವ ಎಕ್ಸ್-ವರ್ಗದ ಅವಕಲನ ಎರಡು ಎಕ್ಸ್. ಅದರ ಅರ್ಧ ಆಗಲೇ ಪಕ್ಕದಲ್ಲಿ ಕೂತಿದೆ. ಎಕ್ಸ್-ವರ್ಗವನ್ನು ಟಿ ಎಂದು ಕರೆದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಮೂರನೆಯದು ನೋಡಲು ಎಲ್ಲಕ್ಕಿಂತ ಸರಳ, ಆದರೆ ಅದಕ್ಕೆ ಯಾವ ವಿಧಾನವೂ ಇಲ್ಲ. ನಾವು ಬಲ್ಲ ಘಾತ, ಲಾಗ್, ಸೈನ್, ಕೊಸೈನ್‌ಗಳನ್ನು ಎಷ್ಟೇ ಜೋಡಿಸಿದರೂ ಅದರ ಅನುಕಲನವನ್ನು ಬರೆಯಲಾಗದು. ಇಂಥ ಫಂಕ್ಷನ್‌ಗಳೂ ಇವೆ ಎಂಬುದಕ್ಕೆ ಗಟ್ಟಿ ಆಧಾರ ಹಾಕಿದವನು ಫ್ರಾನ್ಸಿನ ಜೋಸೆಫ್ ಲಿಯೊವಿಲ್, 1830ರ ದಶಕದಲ್ಲಿ. ಒಂದು ಎಕ್ಸ್ ಇದ್ದರೆ ಒಂದು ಸಾಲು, ಇಲ್ಲದಿದ್ದರೆ ಅಸಾಧ್ಯ! ಭಿನ್ನರಾಶಿಗಳಲ್ಲೂ ಇದೇ ಕತೆ. ಛೇದದಲ್ಲಿ ‘ಎಕ್ಸ್-ವರ್ಗ ಪ್ಲಸ್ ಒಂಬತ್ತು’ ಇದ್ದು ಮೇಲೆ ಒಂದು ಇದ್ದರೆ ಉತ್ತರ ಟ್ಯಾನ್ ವಿಲೋಮ. ಪ್ಲಸ್ ಹೋಗಿ ಮೈನಸ್ ಬಂದರೆ ಪಾರ್ಷಿಯಲ್ ಫ್ರಾಕ್ಷನ್, ಉತ್ತರ ಲಾಗ್. ಮೇಲೆ ಒಂದರ ಬದಲು ಎಕ್ಸ್ ಬಂದರೆ ಮತ್ತೆ ಸಬ್‌ಸ್ಟಿಟ್ಯೂಷನ್.

ಈ ಕೊನೆಯ ಲೆಕ್ಕಕ್ಕೆ ಒಂದು ಇತಿಹಾಸವೇ ಇದೆ. ಗಣಿತ ಕಲಿಕೆಯ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಅಮೆರಿಕದ ಅಲನ್ ಶೋನ್‌ಫೆಲ್ಡ್ 1970ರ ದಶಕದಲ್ಲಿ ಕಲನಶಾಸ್ತ್ರದ ಒಂದು ಅಂತಿಮ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿರುವಿ ಹಾಕಿದರು. ವಿದ್ಯಾರ್ಥಿಗಳಿಗೆ ಧೈರ್ಯ ಬರಲೆಂದು ಇಟ್ಟಿದ್ದ ಸುಲಭದ ಮೊದಲ ಪ್ರಶ್ನೆಯೇ ಇದು: ಮೇಲೆ ಎಕ್ಸ್, ಕೆಳಗೆ ಎಕ್ಸ್-ವರ್ಗ ಮೈನಸ್ ಒಂಬತ್ತು. ಛೇದದ ಅವಕಲನದ ಅರ್ಧ ಮೇಲೆಯೇ ಕೂತಿದೆ ಎಂದು ಗಮನಿಸಿದರೆ ಒಂದು ನಿಮಿಷದ ಕೆಲಸ. ಪರೀಕ್ಷೆ ಬರೆದವರು 178 ಮಂದಿ. ಅವರಲ್ಲಿ 44 ಮಂದಿ ಛೇದವನ್ನು ಅಪವರ್ತಿಸಿ ಪಾರ್ಷಿಯಲ್ ಫ್ರಾಕ್ಷನ್ ಹಿಡಿದರು. ಇನ್ನೂ 17 ಮಂದಿ ತ್ರಿಕೋನಮಿತಿಯ ಸಬ್‌ಸ್ಟಿಟ್ಯೂಷನ್‌ಗೆ ಇಳಿದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಆ 61 ಮಂದಿಗೆ ಗಣಿತ ಬರುತ್ತಿರಲಿಲ್ಲ ಎನ್ನುವಂತಿಲ್ಲ, ಅವರು ಹಿಡಿದ ದಾರಿಗಳು ಸುಲಭದ ದಾರಿಗಿಂತ ಕಠಿಣ. ಆದರೆ ಉಳಿದ ಪ್ರಶ್ನೆಗಳಿಗೆ ಮೀಸಲಿಡಬೇಕಾದ ಸಮಯವನ್ನು ಮೊದಲ ಪ್ರಶ್ನೆಗೇ ಸುರಿದುಬಿಟ್ಟಿದ್ದರು. ಶೋನ್‌ಫೆಲ್ಡ್ ಅಲ್ಲಿಗೆ ನಿಲ್ಲಿಸಲಿಲ್ಲ. ಯಾವ ಲೆಕ್ಕಕ್ಕೆ ಯಾವ ವಿಧಾನ ಎಂದು ಯೋಚಿಸುವ ಕ್ರಮವನ್ನೇ ಒಂದು ಕಿರುಹೊತ್ತಗೆಯಾಗಿ ಬರೆದು ಒಂದು ಗುಂಪಿಗೆ ಕೊಟ್ಟರು. ಇನ್ನೊಂದು ಗುಂಪು ಎಂದಿನಂತೆ ಅಭ್ಯಾಸದ ಲೆಕ್ಕಗಳನ್ನು ಮಾಡುತ್ತ ಓದಿತು. ಹೊತ್ತಗೆ ಓದಿದ ಗುಂಪು ಕಡಿಮೆ ಹೊತ್ತು ಓದಿಯೂ ಹೆಚ್ಚು ಅಂಕ ಪಡೆಯಿತು. ಫಲಿತಾಂಶ ಪ್ರಕಟವಾದದ್ದು 1978ರಲ್ಲಿ.

ನಮ್ಮ ಕಡೆ ಈ ನೋಟ ಬೆಳೆಯದಿರಲು ಪಠ್ಯಪುಸ್ತಕದ ವಿನ್ಯಾಸವೇ ಮುಖ್ಯ ಕಾರಣ ಎಂದು ನನಗೆ ಅನ್ನಿಸುತ್ತದೆ. ಪಿಯು ವಿಜ್ಞಾನದ ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಸಬ್‌ಸ್ಟಿಟ್ಯೂಷನ್ ವಿವರಣೆಯ ಕೆಳಗೆ ಸಬ್‌ಸ್ಟಿಟ್ಯೂಷನ್ ಲೆಕ್ಕಗಳು, ಬೈ ಪಾರ್ಟ್ಸ್ ಕೆಳಗೆ ಬೈ ಪಾರ್ಟ್ಸ್ ಲೆಕ್ಕಗಳು. ಶೀರ್ಷಿಕೆಯೇ ಉತ್ತರದ ಅರ್ಧ ಹೇಳಿಬಿಡುತ್ತದೆ. ಹೀಗೆ ಮೂವತ್ತು ಲೆಕ್ಕ ಬಿಡಿಸಿದ ಹುಡುಗಿಗೆ ತನಗೆ ಎಲ್ಲ ಬಂತು ಎನ್ನಿಸುವುದು ಸಹಜ, ಆದರೆ ಆರಿಸುವ ಪ್ರಸಂಗ ಆಕೆಗೆ ಒಮ್ಮೆಯೂ ಬಂದಿಲ್ಲ. ಅಧ್ಯಾಯದ ಕೊನೆಯಲ್ಲಿ ‘ಮಿಸಲೇನಿಯಸ್’ ಎಂಬ ಕಲಸಿದ ಅಭ್ಯಾಸ ಇದೆ, ನಿಜ. ಆದರೆ ಅದು ಕೊನೆಯಲ್ಲಿದೆ. ಸಿಲಬಸ್ ಮುಗಿಸುವ ಧಾವಂತದಲ್ಲಿ ಕೊನೆಯಲ್ಲಿರುವುದಕ್ಕೇ ಕತ್ತರಿ ಬೀಳುವುದು. ಕಲಸಿದ ಅಭ್ಯಾಸದ ಬಲ ಎಷ್ಟೆಂದು ಅಮೆರಿಕದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ವಿಚಿತ್ರ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿ, ಒಂದು ಗುಂಪಿಗೆ ಒಂದೊಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ, ಇನ್ನೊಂದು ಗುಂಪಿಗೆ ನಾಲ್ಕೂ ಬಗೆಯನ್ನು ಕಲಸಿ ಕೊಟ್ಟರು. ಅಭ್ಯಾಸದ ವೇಳೆ ಸಾಲಾಗಿ ಮಾಡಿದವರದೇ ಮೇಲುಗೈ: ಅವರದು ಶೇ 89, ಕಲಸಿ ಮಾಡಿದವರದು ಶೇ 60. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಸಾಲಾಗಿ ಮಾಡಿದವರು ಶೇ 20ಕ್ಕೆ ಕುಸಿದರು, ಕಲಸಿ ಮಾಡಿದವರು ಶೇ 63ರಲ್ಲಿ ನಿಂತರು. ಚಿಕ್ಕ ಗುಂಪಿನ ಪ್ರಯೋಗ ಎಂದು ಅನುಮಾನಿಸುವವರಿಗೆ 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಫ್ಲಾರಿಡಾದ 54 ಏಳನೇ ತರಗತಿಗಳಲ್ಲಿ ತಿಂಗಳುಗಟ್ಟಲೆ ನಡೆದ ಅದರಲ್ಲಿ ಕಲಸಿ ಅಭ್ಯಾಸ ಮಾಡಿದವರ ಸರಾಸರಿ ಶೇ 61, ಉಳಿದವರದು ಶೇ 38. ಅಭ್ಯಾಸದ ದಿನ ಚೆನ್ನಾಗಿ ಮಾಡಿದ್ದೇ ಕಲಿತದ್ದರ ಗುರುತು ಎಂದು ನಂಬುವ ಪೋಷಕರೂ ಟ್ಯೂಷನ್ ಮೇಷ್ಟ್ರುಗಳೂ ಈ ಅಂಕಿಗಳನ್ನು ಎರಡೆರಡು ಸಲ ಓದಬೇಕು.

ಹಾಗಾದರೆ ನೋಡುವುದು ಎಂದರೆ ಏನನ್ನು? ಶೋನ್‌ಫೆಲ್ಡ್ ಅದನ್ನು ಮೂರು ಹಂತದಲ್ಲಿ ಇಟ್ಟರು: ಮೊದಲು ಸರಳಗೊಳಿಸು, ಆಮೇಲೆ ಜಾತಿ ಗುರುತಿಸು, ಎರಡೂ ಆಗದಿದ್ದರೆ ರೂಪ ಬದಲಿಸು. ಸರಳಗೊಳಿಸುವುದೆಂದರೆ ಅಗ್ಗದ ಉಪಾಯಗಳನ್ನು ಮೊದಲು ಪ್ರಯತ್ನಿಸುವುದು. ಅಂಶದ ಘಾತ ಛೇದದ ಘಾತಕ್ಕೆ ಸಮ ಅಥವಾ ಹೆಚ್ಚು ಇದ್ದರೆ ಭಾಗಿಸಿಬಿಡಬೇಕು. ಸೈನ್-ವರ್ಗ ಇದ್ದರೆ ಅದನ್ನು ಎರಡರಷ್ಟು ಕೋನದ ಕೊಸೈನ್‌ಗೆ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲೆಕ್ಕದ ಒಂದು ತುಂಡಿನ ಅವಕಲನ ಅದರಲ್ಲೇ ಇನ್ನೊಂದು ಕಡೆ ಅಡಗಿದೆಯೇ ಎಂದು ಹುಡುಕಬೇಕು. ಈ ಒಂದು ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿಕೊಳ್ಳುವ ವಿದ್ಯಾರ್ಥಿ ಪರೀಕ್ಷೆಯ ಎಷ್ಟೋ ಲೆಕ್ಕಗಳನ್ನು ಎರಡು ಸಾಲಿನಲ್ಲಿ ಮುಗಿಸುತ್ತಾನೆ. ಜಾತಿ ಗುರುತಿಸುವ ಹಂತದಲ್ಲಿ ಇದು ಬಹುಪದಗಳ ಭಿನ್ನರಾಶಿಯೋ, ಎರಡು ಬೇರೆ ಬೇರೆ ಬಗೆಯ ಫಂಕ್ಷನ್‌ಗಳ ಗುಣಲಬ್ಧವೋ, ತ್ರಿಕೋನಮಿತಿಯ ಘಾತಗಳೋ, ವರ್ಗಮೂಲವೋ ಎಂದು ನೋಡುತ್ತೇವೆ. ವಿಧಾನ ಈ ಜಾತಿಯನ್ನು ಹಿಂಬಾಲಿಸಿ ಬರುತ್ತದೆ. ಮಿತಿಗಳನ್ನು ಕೊಟ್ಟಿರುವ ನಿಶ್ಚಿತ ಅನುಕಲನವಾದರೆ ಮಿತಿಗಳ ಮೇಲೂ ಕಣ್ಣು ಹಾಯಬೇಕು. ಮೈನಸ್ ಎರಡರಿಂದ ಪ್ಲಸ್ ಎರಡರವರೆಗೆ ಎಕ್ಸ್-ಘನ ಗುಣಿಸು ಕೊಸೈನ್ ಎಕ್ಸ್ ಎಂದು ಕೇಳಿದರೆ ಮೂರು ಸಲ ಬೈ ಪಾರ್ಟ್ಸ್ ಮಾಡುವ ಅಗತ್ಯವಿಲ್ಲ. ಎಡಬದಿಯ ಕ್ಷೇತ್ರವೂ ಬಲಬದಿಯದೂ ಒಂದನ್ನೊಂದು ತಿಂದುಹಾಕುತ್ತವೆ, ಉತ್ತರ ಸೊನ್ನೆ.

ಬೈ ಪಾರ್ಟ್ಸ್‌ಗೆ ‘ಐಲೇಟ್’ ಎಂಬ ಸೂತ್ರವೊಂದು ಎಲ್ಲ ಟ್ಯೂಷನ್‌ಗಳಲ್ಲೂ ಚಲಾವಣೆಯಲ್ಲಿದೆ. ವಿಲೋಮ, ಲಾಗ್, ಬೀಜಗಣಿತ, ತ್ರಿಕೋನಮಿತಿ, ಘಾತ ಎಂಬ ಸಾಲಿನಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಮೊದಲ ಫಂಕ್ಷನ್ ಎಂದು ಹಿಡಿಯಬೇಕಂತೆ. ಮೊದಲೆರಡು ಅಕ್ಷರ ಅದಲುಬದಲಾದ ಇದೇ ಸೂತ್ರವನ್ನು ಹರ್ಬರ್ಟ್ ಕಸುಬೆ ಎಂಬ ಅಧ್ಯಾಪಕರು 1983ರಲ್ಲಿ ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಒಳ್ಳೆಯ ಸೂತ್ರವೇ, ಆದರೆ ಕಣ್ಣು ಮುಚ್ಚಿ ಬಳಸಿದರೆ ಕೈಕೊಡುತ್ತದೆ. ಎಕ್ಸ್-ಘನ ಗುಣಿಸು ‘ಇ’ಯ ಎಕ್ಸ್-ವರ್ಗ ಘಾತ ಎಂಬ ಲೆಕ್ಕಕ್ಕೆ ಐಲೇಟ್ ಹಾಕಿದರೆ ಎಕ್ಸ್-ಘನ ಮೊದಲನೆಯದು, ‘ಇ’ಯ ಎಕ್ಸ್-ವರ್ಗ ಘಾತ ಎರಡನೆಯದು. ಆ ಎರಡನೆಯದನ್ನು ಈಗ ಅನುಕಲನ ಮಾಡಬೇಕು, ಅದೋ ಲಿಯೊವಿಲ್ ಬಾಗಿಲು ಹಾಕಿದ ಲೆಕ್ಕ. ಎಕ್ಸ್-ಘನದಿಂದ ಒಂದು ಎಕ್ಸ್ ಕಿತ್ತು ‘ಇ’ಯ ಪಕ್ಕಕ್ಕೆ ಕೊಟ್ಟರೆ ಎಲ್ಲವೂ ಸಲೀಸು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹೆಸರು ಕೇಳಿದೊಡನೆ ಸೂತ್ರ ಹಚ್ಚುವವರ ಪಾಡು ಅದೇ.

ಮೊದಲು ನೋಡಿ, ಆಮೇಲೆ ಬಿಡಿಸಿ ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಪರೀಕ್ಷೆಯದು. ಕೆಸಿಇಟಿ ಗಣಿತದಲ್ಲಿ 60 ಪ್ರಶ್ನೆಗೆ 80 ನಿಮಿಷ, ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಇಷ್ಟರಲ್ಲಿ ಕುಳಿತು ನೋಡುತ್ತ, ಯೋಚಿಸುತ್ತ ಇರಲಾದೀತೇ, ನೂರಾರು ಮಾದರಿಗಳನ್ನು ಉರು ಹೊಡೆಯುವುದೇ ಕ್ಷೇಮ ಎನ್ನುತ್ತಾರೆ. ಸಮಯ ಕಡಿಮೆ ಇದ್ದಷ್ಟೂ ತಪ್ಪು ದಾರಿ ಹಿಡಿಯುವುದು ದುಬಾರಿ ಎಂಬುದು ಈ ವಾದದಲ್ಲಿ ಮರೆತುಹೋಗುತ್ತದೆ. ಹತ್ತು ಸೆಕೆಂಡಿನ ನೋಟ ಐದು ನಿಮಿಷ ಉಳಿಸುತ್ತದೆ. ನಾಲ್ಕು ಆಯ್ಕೆ ಕೊಟ್ಟಿರುವ ಪರೀಕ್ಷೆಯಲ್ಲಂತೂ ವಿಧಾನದ ಆಯ್ಕೆ ಇನ್ನೂ ವಿಸ್ತಾರವಾಗುತ್ತದೆ. ಕೆಲವೊಮ್ಮೆ ಅನುಕಲನ ಮಾಡುವುದೇ ಬೇಡ, ಕೊಟ್ಟ ನಾಲ್ಕು ಉತ್ತರಗಳನ್ನೇ ಅವಕಲನ ಮಾಡಿ ಪ್ರಶ್ನೆಗೆ ಯಾವುದು ಮರಳುತ್ತದೆ ಎಂದು ನೋಡಿದರೆ ಸಾಕು. ಇದು ಮೋಸವಲ್ಲ. ಹುಡುಕುವುದಕ್ಕಿಂತ ಪರೀಕ್ಷಿಸುವುದು ಸುಲಭ ಎಂಬ, ಕಲನಶಾಸ್ತ್ರದ ಒಡಲಲ್ಲೇ ಇರುವ ಸತ್ಯದ ಬಳಕೆ. ಉರು ಹೊಡೆದ ಮಾದರಿಗಳಿಗೂ ಬೆಲೆ ಇದೆ. ಮೂಲ ಸೂತ್ರಗಳು ನಾಲಿಗೆಯ ತುದಿಯಲ್ಲಿ ಇಲ್ಲದವರಿಗೆ ಗುರುತಿಸಲು ಏನೂ ಇರುವುದಿಲ್ಲ. ಆದರೆ ಸೂತ್ರ ಬಾಯಿಪಾಠ ಮಾಡುವುದು ಬೇರೆ, ಲೆಕ್ಕಗಳನ್ನೇ ಬಾಯಿಪಾಠ ಮಾಡುವುದು ಬೇರೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲಿ ದುಡಿಯುವವರಿಂದ ಬರುವಂಥದ್ದು. ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದಲ್ಲ, ಉಚಿತವಾಗಿ ಸಿಗುವ ಸಿಮ್‌ಪೈಗೋ ಮ್ಯಾಕ್ಸಿಮಾಗೋ ಒಂದು ಸಾಲು ಬರೆದರೆ ಉತ್ತರ ಬರುವಾಗ ಮಕ್ಕಳ ತಲೆ ಏಕೆ ಕೆಡಿಸಬೇಕು? ಮಾತು ನಿಜ, ಕಂಪ್ಯೂಟರ್ ಮಾಡುತ್ತದೆ. ಹೇಗೆ ಮಾಡುತ್ತದೆ ಎಂದು ನೋಡಿದರೆ ಮಾತ್ರ ಆಕ್ಷೇಪದ ಕಾವು ಇಳಿಯುತ್ತದೆ. 1961ರಲ್ಲಿ ಎಂಐಟಿಯ ಜೇಮ್ಸ್ ಸ್ಲೇಗಲ್ ತಮ್ಮ ಪಿಎಚ್‌ಡಿಗಾಗಿ ‘ಸೇಂಟ್’ ಎಂಬ ಪ್ರೋಗ್ರಾಂ ಬರೆದರು. ಕೃತಕ ಬುದ್ಧಿಮತ್ತೆಯ ಮೊದಮೊದಲ ಸಾಧನೆಗಳಲ್ಲಿ ಅದೂ ಒಂದು. ಅದರ ಬಳಿ ಇದ್ದದ್ದು 26 ಮೂಲ ಸೂತ್ರಗಳ ಪಟ್ಟಿ ಮತ್ತು ಕೆಲವು ರೂಪಾಂತರಗಳು, ನಮ್ಮ ಪಿಯು ವಿದ್ಯಾರ್ಥಿಯ ಬಳಿ ಇರುವುದಕ್ಕಿಂತ ಹೆಚ್ಚೇನಲ್ಲ. ಕೊಟ್ಟ 86 ಲೆಕ್ಕಗಳಲ್ಲಿ 84ನ್ನು ಅದು ಬಿಡಿಸಿತು. ಯಾವ ರೂಪಾಂತರವನ್ನು ಮೊದಲು ಹಚ್ಚಬೇಕು, ಯಾವ ಕವಲು ಹಗುರ ಎಂದು ತೂಗಿ ನೋಡುವ ವ್ಯವಸ್ಥೆಯೇ ಅದರ ಶಕ್ತಿ. ಆರು ವರ್ಷದ ನಂತರ ಅಲ್ಲಿಯೇ ಜೋಯೆಲ್ ಮೋಸೆಸ್ ಬರೆದ ಪ್ರೋಗ್ರಾಂ ಕುರುಡಾಗಿ ಹುಡುಕುವುದನ್ನು ಇನ್ನಷ್ಟು ಕಡಿಮೆ ಮಾಡಿ, ಮೊದಲು ಲೆಕ್ಕದ ರೂಪವನ್ನು ಗುರುತಿಸಿ ನೇರ ದಾರಿ ಹಿಡಿಯಿತು, ಆದ್ದರಿಂದಲೇ ಹೆಚ್ಚು ವೇಗವಾಗಿತ್ತು. ನಂತರ ರಾಬರ್ಟ್ ರಿಷ್ ಅವರ ಕ್ರಮವಿಧಿ ಬಂದು, ಉತ್ತರ ಬರೆಯಲಾಗುವುದೋ ಇಲ್ಲವೋ ಎಂಬುದನ್ನೇ ತೀರ್ಮಾನಿಸುವ ಹಾದಿ ತೆರೆಯಿತು. 2019ರಲ್ಲಿ ಫೇಸ್‌ಬುಕ್‌ನ ಪ್ಯಾರಿಸ್ ಸಂಶೋಧಕರಾದ ಗಿಯೋಮ್ ಲಾಂಪ್ಲ್, ಫ್ರಾಂಸ್ವಾ ಶಾರ್ತೊಂ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸುವ ಯಂತ್ರಕ್ಕೇ ಅನುಕಲನ ಕಲಿಸಿದರು. ಅದಕ್ಕೆ ಪಾಠವಾಗಿ ಸಾಕಷ್ಟು ಲೆಕ್ಕಗಳನ್ನು ಹೊಂದಿಸಿದ ಬಗೆಗಳಲ್ಲಿ ಒಂದು ಇದು: ಮೊದಲು ಉತ್ತರಗಳನ್ನು ಬರೆದು, ಅವಕಲನ ಮಾಡಿ, ಪ್ರಶ್ನೆಗಳನ್ನು ಪಡೆಯುವುದು. ಯಂತ್ರವೂ ರೂಪ ಗುರುತಿಸುವುದನ್ನೇ ಕಲಿಯಬೇಕಾಯಿತು. ಅಷ್ಟೇ ಏಕೆ, ಸಿಮ್‌ಪೈ ಒಳಗೆ ವಿದ್ಯಾರ್ಥಿಯ ಹಾಗೆ ಹೆಜ್ಜೆಹೆಜ್ಜೆಯಾಗಿ ವಿಧಾನ ಆರಿಸುವ ಒಂದು ಪ್ರತ್ಯೇಕ ಭಾಗವೇ ಇದೆ.

ಆದರೂ ಯಂತ್ರ ಇದನ್ನು ಮಾಡುವಾಗ ಮನುಷ್ಯ ಏಕೆ ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಈ ಹೊರವಲಯದ ಕಚೇರಿಗಳಲ್ಲೇ ಸಿಗುತ್ತದೆ. ಜಿಇ ಸಂಸ್ಥೆಯ ತಂತ್ರಜ್ಞಾನ ಕೇಂದ್ರ ವೈಟ್‌ಫೀಲ್ಡ್‌ನಲ್ಲಿ 2000ರಲ್ಲಿ ಆರಂಭವಾದ ಕಾಲದಿಂದ ಬೆಂಗಳೂರಿನ ಇಂಥ ಕೇಂದ್ರಗಳಲ್ಲಿ ವಿಮಾನದ ಎಂಜಿನ್, ಟರ್ಬೈನ್, ವಾಹನದ ಬಿಡಿಭಾಗಗಳ ವಿನ್ಯಾಸದ ಕೆಲಸ ನಡೆಯುತ್ತ ಬಂದಿದೆ. ಒಂದು ಬಿಡಿಭಾಗ ಭಾರ ಹೊತ್ತಾಗ ಎಷ್ಟು ಬಾಗುತ್ತದೆ ಎಂದು ತಿಳಿಯಲು ಅದನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಅನುಕಲನ ಮಾಡುವ ಲೆಕ್ಕಕ್ರಮ ಫೈನೈಟ್ ಎಲಿಮೆಂಟ್. ಅಲ್ಲಿ ಉತ್ತರವನ್ನು ಸೂತ್ರದಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ. ತುಂಡಿನೊಳಗೆ ಆಯ್ದ ಕೆಲವು ಬಿಂದುಗಳಲ್ಲಿ ಮಾತ್ರ ಬೆಲೆ ತೆಗೆದು ತೂಕ ಕೊಟ್ಟು ಕೂಡಿಸುತ್ತಾರೆ. ಇದು ಗಾಸ್ ಹೆಸರಿನ ವಿಧಾನ. ಎಂಟು ಮೂಲೆಯ ಇಟ್ಟಿಗೆಯಾಕಾರದ ತುಂಡಿಗೆ ಪೂರ್ಣ ಅನುಕಲನವೆಂದರೆ ಎಂಟು ಬಿಂದು, ಇಳಿಸಿದ ಅನುಕಲನವೆಂದರೆ ನಡುವಿನ ಒಂದೇ ಬಿಂದು. ಹೆಚ್ಚು ಬಿಂದು ತೆಗೆದುಕೊಂಡರೆ ಹೆಚ್ಚು ನಿಖರ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಬಾಗುವ ತೆಳು ಭಾಗಕ್ಕೆ ಪೂರ್ಣ ಅನುಕಲನ ಹಚ್ಚಿದರೆ ತುಂಡುಗಳು ಬಿಗಿದುಕೊಂಡು, ಬಿಡಿಭಾಗ ಇರುವುದಕ್ಕಿಂತ ಎಷ್ಟೋ ಗಡುಸಾಗಿ ತೋರುತ್ತದೆ. ಒಂದೇ ಬಿಂದು ಹಚ್ಚಿದರೆ ಆ ತೊಂದರೆ ಹೋಗಿ, ತುಂಡುಗಳು ಶಕ್ತಿಯನ್ನೇ ಬೇಡದೆ ಮರಳುಗಡಿಯಾರದ ಆಕಾರಕ್ಕೆ ಸೊಟ್ಟಗಾಗುವ ಇನ್ನೊಂದು ತೊಂದರೆ ಬರುತ್ತದೆ. ಎಂಜಿನಿಯರುಗಳು ಅದನ್ನು ಅವರ್‌ಗ್ಲಾಸಿಂಗ್ ಎನ್ನುತ್ತಾರೆ. ಸಾಫ್ಟ್‌ವೇರ್ ಎರಡರಲ್ಲಿ ಯಾವುದನ್ನು ಕೇಳಿದರೂ ತಕರಾರಿಲ್ಲದೆ ಮಾಡಿಕೊಡುತ್ತದೆ, ಬಣ್ಣಬಣ್ಣದ ಚಿತ್ರವನ್ನೂ ಕೊಡುತ್ತದೆ. ಎದುರಿಗಿರುವ ಭಾಗ ಬಾಗುವಂಥದ್ದೋ ಅಲ್ಲವೋ ಎಂದು ನೋಡಿ ಆರಿಸಬೇಕಾದವರು ಕುರ್ಚಿಯಲ್ಲಿ ಕೂತವರು.

ಪೀಣ್ಯದ ಕಡೆಯ ಲೆಕ್ಕ ಇದಕ್ಕಿಂತ ಸರಳ, ಆದರೆ ಪಾಠ ಅಷ್ಟೇ ದೊಡ್ಡದು. ವಾಹನ ಕಂಪನಿಗಳಿಗೆ ಶಾಫ್ಟು, ಬುಷ್ಷು ಮಾಡಿಕೊಡುವ ವರ್ಕ್‌ಶಾಪ್‌ಗಳು ಅಳತೆಯ ಏರುಪೇರನ್ನು ಗಂಟೆಯಾಕಾರದ ವಕ್ರರೇಖೆಯಿಂದ ಅಂದಾಜು ಮಾಡುತ್ತವೆ. ಸರಾಸರಿಯಿಂದ ಎರಡೂ ಕಡೆ ಮೂರು ಸಿಗ್ಮಾ (ಪ್ರಮಾಣಿತ ವಿಚಲನ) ದೂರದೊಳಗೆ ಶೇ 99.73 ಬಿಡಿಭಾಗಗಳು ಬೀಳುತ್ತವೆ, ಅಂದರೆ ಹತ್ತು ಲಕ್ಷಕ್ಕೆ ಸುಮಾರು 2,700 ಹೊರಗುಳಿಯುತ್ತವೆ ಎಂಬ ಲೆಕ್ಕ ಅಲ್ಲಿಯ ಕ್ವಾಲಿಟಿ ವಿಭಾಗದ ಗೋಡೆಗಳಿಗೂ ಗೊತ್ತು. ಆ ವಕ್ರರೇಖೆಯ ಕೆಳಗಿನ ಕ್ಷೇತ್ರ ಎಂದರೆ ‘ಇ’ಯ ಮೈನಸ್ ಎಕ್ಸ್-ವರ್ಗ ಘಾತದ ಅನುಕಲನ, ಮೇಲೆ ಹೇಳಿದ ಅಸಾಧ್ಯದ ಲೆಕ್ಕದ ಅಣ್ಣತಮ್ಮ. ಇಲ್ಲಿ ಬೈ ಪಾರ್ಟ್ಸ್ ಹಚ್ಚುತ್ತ ಕೂತವರಿಗೆ ಬೆಳಗಾದೀತು, ಉತ್ತರ ಬಾರದು. ವಿಚಿತ್ರವೆಂದರೆ ಮಿತಿಗಳು ಮೈನಸ್ ಅನಂತದಿಂದ ಪ್ಲಸ್ ಅನಂತದವರೆಗೆ ಇದ್ದರೆ ಉತ್ತರ ಠಾಕುಠೀಕಾಗಿ ಪೈಯ ವರ್ಗಮೂಲ. ನಡುವಿನ ಮಿತಿಗಳಿಗೆ ಮಾತ್ರ ಕೋಷ್ಟಕವನ್ನೋ ಸಂಖ್ಯಾ ವಿಧಾನವನ್ನೋ ಆಶ್ರಯಿಸಬೇಕು. ಎಂಜಿನಿಯರಿಂಗ್ ಮಕ್ಕಳು ಕಲಿಯುವ ಸಿಂಪ್ಸನ್ ನಿಯಮವನ್ನು ಇದೇ ಲೆಕ್ಕಕ್ಕೆ ಸೊನ್ನೆಯಿಂದ ಒಂದರವರೆಗೆ ಐದೇ ಬಿಂದುಗಳಿಂದ ಹಚ್ಚಿದರೆ 0.74686 ಬರುತ್ತದೆ, ಸರಿಯಾದ ಬೆಲೆ 0.74682. ಪೆನ್ನು, ಕ್ಯಾಲ್ಕುಲೇಟರ್ ಇದ್ದರೆ ಐದು ನಿಮಿಷದ ಕೆಲಸ. ಈ ನಿಯಮದ ಮೂಲ ಸಿಂಪ್ಸನ್‌ಗಿಂತ ಹಳೆಯದು. ಮದ್ಯದ ಪೀಪಾಯಿಯಲ್ಲಿ ಎಷ್ಟು ಹಿಡಿಸುತ್ತದೆ ಎಂದು ವ್ಯಾಪಾರಿ ಕಡ್ಡಿ ಇಳಿಸಿ ಅಳೆಯುವುದನ್ನು ಕಂಡು ತಲೆ ಕೆಡಿಸಿಕೊಂಡ ಖಗೋಳಜ್ಞ ಕೆಪ್ಲರ್ 1615ರಲ್ಲಿ ಪೀಪಾಯಿಗಳ ಗಾತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ಜರ್ಮನರು ಇಂದಿಗೂ ಇದನ್ನು ಕೆಪ್ಲರನ ಪೀಪಾಯಿ ನಿಯಮ ಎನ್ನುತ್ತಾರೆ. ನಮ್ಮ ಸಿಲಬಸ್‌ನಲ್ಲಿ ಈ ಸಂಖ್ಯಾ ವಿಧಾನಗಳು ಒಂದು ಕಡೆ, ಪಿಯು ಅನುಕಲನ ಇನ್ನೊಂದು ಕಡೆ, ನಡುವೆ ವರ್ಷಗಳ ಅಂತರ. ಸೂತ್ರ ಬಿಟ್ಟು ಸಂಖ್ಯೆಗೆ ಯಾವಾಗ ಹೊರಳಬೇಕು ಎಂಬ ಪ್ರಶ್ನೆಯನ್ನು ಎರಡೂ ಕಡೆ ಯಾರೂ ಕೇಳುವುದಿಲ್ಲ.

ಮೇಷ್ಟ್ರುಗಳು ಎತ್ತುವ ಕೊನೆಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಹಿಂದುಳಿದ ಮಕ್ಕಳಿಗೆ, ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪಿಯುನಲ್ಲಿ ಇಂಗ್ಲಿಷಿಗೆ ಬಿದ್ದ ಮಕ್ಕಳಿಗೆ, ಕಲಸಿದ ಲೆಕ್ಕ ಕೊಟ್ಟರೆ ಮೊದಲ ದಿನವೇ ಎದೆಗುಂದುತ್ತಾರೆ ಎಂಬುದು ಅವರ ಮಾತು. ಅಭ್ಯಾಸದ ವೇಳೆ ಕಲಸಿ ಮಾಡಿದವರ ಅಂಕ ಕಡಿಮೆಯೇ ಇತ್ತು ಎಂಬುದನ್ನು ರೋರರ್ ಅವರ ಪ್ರಯೋಗವೂ ಹೇಳುತ್ತದೆ. ಹಾಗಾಗಿ ಪ್ರತಿ ವಿಧಾನವನ್ನೂ ಮೊದಲು ಪ್ರತ್ಯೇಕವಾಗಿ, ನಾಲ್ಕಾರು ಸರಳ ಲೆಕ್ಕಗಳಿಂದ ಕಲಿಸಲೇಬೇಕು. ಅದರ ಮೇಲಿನ ಮೂವತ್ತು ಲೆಕ್ಕಗಳು ಮಾತ್ರ ಒಂದೇ ಜಾತಿಯವಾಗಿರಬಾರದು. ಎರಡನೆಯ ವಿಧಾನ ಕಲಿಸಿದ ಮಾರನೆಯ ದಿನದಿಂದಲೇ ಎರಡನ್ನೂ ಕಲಸಬಹುದು, ಮೂರನೆಯದು ಬಂದಾಗ ಮೂರನ್ನೂ. ಇನ್ನೂ ಒಂದು ಉಪಾಯವಿದೆ, ಅದಕ್ಕೆ ಹಣವೂ ಬೇಡ, ಸರ್ಕಾರದ ಸುತ್ತೋಲೆಯೂ ಬೇಡ. ಇಪ್ಪತ್ತು ಲೆಕ್ಕ ಕೊಟ್ಟು ಯಾವುದನ್ನೂ ಬಿಡಿಸಬೇಡಿ ಎಂದು ಹೇಳಿ, ಪ್ರತಿಯೊಂದಕ್ಕೂ ಯಾವ ವಿಧಾನ, ಏಕೆ ಎಂದು ಒಂದೊಂದು ಸಾಲು ಬರೆಸಬಹುದು. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಲೆಕ್ಕದಲ್ಲಿ ಹಿಂದಿರುವ ಹುಡುಗನೂ ಇದರಲ್ಲಿ ಪಾಲ್ಗೊಳ್ಳಬಲ್ಲ, ಕೂಡು-ಕಳೆಯುವ ತಪ್ಪುಗಳು ಅವನನ್ನು ಇಲ್ಲಿ ಕಾಡುವುದಿಲ್ಲ. ಪಿಯು ಉಪನ್ಯಾಸಕರು ಈ ವರ್ಷದ ಅನುಕಲನದ ಪಾಠದಲ್ಲಿ ವಾರಕ್ಕೊಂದು ಅವಧಿಯನ್ನು ಇದಕ್ಕೆ ಬಿಟ್ಟುಕೊಡಲಿ. ಗೈಡ್ ಅಚ್ಚುಹಾಕುವ ಪ್ರಕಾಶಕರು ಲೆಕ್ಕಗಳ ಮೇಲಿನ ವಿಧಾನದ ತಲೆಬರಹಗಳನ್ನು ತೆಗೆದು, ಲೆಕ್ಕಗಳನ್ನು ಕಲಸಿ ಅಚ್ಚು ಮಾಡಲಿ. ಮಗಳ ನೋಟುಪುಸ್ತಕ ತಿರುವಿ ನೋಡುವ ಅಪ್ಪ ಅಮ್ಮಂದಿರು ಇವತ್ತು ಎಷ್ಟು ಲೆಕ್ಕ ಮಾಡಿದೆ ಎಂದು ಕೇಳುವುದರ ಜೊತೆಗೆ, ಯಾವುದಾದರೊಂದು ಲೆಕ್ಕದ ಮೇಲೆ ಬೆರಳಿಟ್ಟು, ಇದಕ್ಕೆ ಈ ದಾರಿಯೇ ಏಕೆ ಎಂದೂ ಕೇಳಲಿ.